ಹಿತ್ತಲ ಬಾಗಿಲಿಂದ ಹೋದವಳು

ತುಮಕೂರು
ಭಾನುವಾರ

ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಮಂಗಳವಾರವೇ ಬಂತು. ಮನೆ ಸುದ್ದಿಯೆಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಬಿಡುತ್ತೇನೆ.

ಹನೂರಿನ ಬಿಸಿಲು, ಬಾಡಿಗೆ ಮನೆಯ ಇಲಿ, ಹಳೇ ಸ್ಕೂಟರಿನ ಕಾಟ, ಎಲ್ಲ ಓದಿ ನಕ್ಕೆ. ಆದರೆ ಮೂರನೇ ಪುಟದ ಕೆಳಗೆ, ಮಾತಿಗೆ ಮಾತು ಬಂತು ಅನ್ನುವ ಹಾಗೆ ಒಂದು ವಿಷಯ ಬರೆದಿದ್ದೀಯಲ್ಲ, ಅದು ನನ್ನನ್ನು ಬಿಡುತ್ತಿಲ್ಲ. ನೀನು ಬೀದಿ ತಿರುಗುತ್ತಿದ್ದ ಹಾಗೇ ಒಂದು ಮಗು "ಅಮ್ಮಾ, ಕಂತಿನಕ್ಕ ಬಂದ್ಲು" ಅಂತ ಕೂಗಿತು. ಅದರ ತಾಯಿ ಹಿತ್ತಲ ಬಾಗಿಲಿಂದ ಹೋಗಿಬಿಟ್ಟಳು. ಒಲೆ ಮೇಲೆ ಸಾರು ಕುದಿಯುತ್ತಲೇ ಇತ್ತು. ಆಮೇಲೆ ಕೇಳಿದ್ದೀಯ, "ದೊಡ್ಡಮ್ಮ, ಊರಿನ ಕೆಲಸ ಮಾಡ್ತೀನಿ ಅಂತ ಬಂದು ನಾನು ಸಾಲ ವಸೂಲಿಯವಳು ಆಗಿಬಿಟ್ಟೆನಾ?"

"ಛೆ, ಇಲ್ಲ ಕಣೇ" ಅಂತ ಒಂದು ಸಾಲು ಬರೆದು ಕಳಿಸೋಣ ಅಂದುಕೊಂಡೆ. ಪೆನ್ನು ಹಿಡಿದು ಕೂತರೆ ಆಗಲಿಲ್ಲ. ಐದು ದಿನ ಆಯಿತು. ರಾತ್ರಿ ಎಚ್ಚರ ಆದರೆ ಆ ಸಾರು ಏನಾಯಿತೋ ಅಂತ ಯೋಚನೆ. ಸೀದು ಹೋಯಿತಾ? ನೀನು ಒಲೆ ಆರಿಸಿ ಬಂದೆಯಾ?

ನಾನು ಪಾವಗಡದ ಕಡೆ ಕೆಲಸಕ್ಕೆ ಸೇರಿದ್ದು 1993ರಲ್ಲಿ. ನಮ್ಮದು ಸಣ್ಣ ಸಂಸ್ಥೆ. ಒಂದು ಸೈಕಲ್ಲು, ಎರಡು ಬೆಂಚು, ಆರು ಜನ. ಅದರ ಹಿಂದಿನ ವರ್ಷವಷ್ಟೇ ಹಳ್ಳಿ, ಬೇಸಾಯದ ಸಾಲ ನೋಡಿಕೊಳ್ಳುವ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್‌ನವರು, ದೇಶದಲ್ಲಿ 500 ಸ್ವಸಹಾಯ ಸಂಘಗಳಿಗೆ ಬ್ಯಾಂಕಿನಿಂದ ಸಾಲ ಕೊಡಿಸಿ ನೋಡೋಣ ಅಂತ ಹೊರಟಿದ್ದರು. ತರಬೇತಿಯಲ್ಲಿ ನಮಗೆ ಮೈರಾಡ ಅನ್ನುವ ಸ್ವಯಂಸೇವಾ ಸಂಸ್ಥೆಯವರ ಅನುಭವ ಹೇಳುತ್ತಿದ್ದರು. ಅವರು ಹಳ್ಳಿಗಳಲ್ಲಿ ಕಟ್ಟಿದ್ದ ದೊಡ್ಡ ಸಹಕಾರ ಸಂಘಗಳು 80ರ ದಶಕದಲ್ಲಿ ಮುರಿದು ಬಿದ್ದವಂತೆ. ಆಗ ಕೆಲವರು ತಾವಾಗಿಯೇ ಬಂದು, ಸಾಲ ವಾಪಸ್ ಕಟ್ಟುತ್ತೇವೆ, ಆದರೆ ಆ ಸೊಸೈಟಿಗೆ ಬೇಡ, ನಮ್ಮ ಗುಂಪಿಗೆ ಕಟ್ಟುತ್ತೇವೆ ಅಂದರಂತೆ. ಒಬ್ಬರನ್ನೊಬ್ಬರು ನಂಬುವ ಹದಿನೈದು, ಇಪ್ಪತ್ತು ಜನ. 1987ರಲ್ಲಿ ನಬಾರ್ಡ್ ಆ ಕೆಲಸಕ್ಕೆ ಮೈರಾಡಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. ಇದನ್ನು ಯಾಕೆ ಹೇಳುತ್ತೇನೆ ಅಂದರೆ, ನಂಬಿಕೆ ಮೊದಲೇ ಇತ್ತು. ದುಡ್ಡು ಅದರ ಹಿಂದೆ ಬಂತು. ನಾವು ಹೋದ ಕಡೆ ಮೊದಲು ಲೆಕ್ಕದ ಪುಸ್ತಕ ತೆರೆದೆವು.

ಚೆನ್ನಾಗಿಯೂ ಇತ್ತು ಪುಟ್ಟಿ, ಸುಳ್ಳು ಹೇಳಲಾರೆ. ಗುರುವಾರ ಸಂಜೆ ಗುಡಿ ಕಟ್ಟೆ ಮೇಲೆ ಹೆಂಗಸರೆಲ್ಲ ಸುತ್ತ ಕೂರುತ್ತಿದ್ದರು. ವಾರಕ್ಕೆ 5 ರೂಪಾಯಿ ಉಳಿತಾಯ. ತಡವಾಗಿ ಬಂದರೆ ಎಂಟಾಣೆ ದಂಡ. ತಗಡಿನ ಪೆಟ್ಟಿಗೆ ಒಬ್ಬಳ ಮನೆಯಲ್ಲಿ, ಬೀಗದ ಕೈ ಇನ್ನೊಬ್ಬಳ ಸೊಂಟದಲ್ಲಿ. ಊರಿನ ಸಾಹುಕಾರ ತಿಂಗಳಿಗೆ ನೂರಕ್ಕೆ ಐದು, ಕಷ್ಟ ನೋಡಿದರೆ ಹತ್ತು ರೂಪಾಯಿ ಬಡ್ಡಿ ಹಾಕುತ್ತಿದ್ದ. ಸಂಘದ್ದು ನೂರಕ್ಕೆ ಎರಡು, ಅದೂ ಪೆಟ್ಟಿಗೆಯಲ್ಲೇ ಉಳಿಯುತ್ತಿತ್ತು. ಗಂಡನ ಹೆಸರು ಬಿಟ್ಟು ತನ್ನ ಹೆಸರು ಬರೆಯಲು ಕಲಿತವರನ್ನು ನೋಡಿದ್ದೇನೆ. ಮ್ಯಾನೇಜರ್ ಮುಂದೆ ಕುರ್ಚಿ ಎಳೆದುಕೊಂಡು ಕೂತವರನ್ನೂ ನೋಡಿದ್ದೇನೆ.

ಆ ಸಂಘದಲ್ಲಿ ಒಬ್ಬಳಿದ್ದಳು. ನಾವು ಮೂಲೆಮನೆಯವಳು ಅನ್ನುತ್ತಿದ್ದೆವು. ಅಲ್ಲಿ ಮನೆಮಾತು ತೆಲುಗು, ನಿನಗೆ ಗೊತ್ತು. ನಾನು ಸೈಕಲ್ ಇಳಿಯುವ ಮೊದಲೇ "ಬುವ್ವ ತಿನ್ನಾವಾ ಅಕ್ಕಾ?" ಅಂತ ಕೇಳುವಳು. ಊಟ ಮಾಡಿದೆಯಾ ಅಂತ. ಮಾಡಿಲ್ಲ ಅಂದರೆ ಮುದ್ದೆ, ಕಾಳಿನ ಸಾರು. ಮಾಡಿದ್ದೇನೆ ಅಂದರೂ ಒಂದು ಹಿಡಿ ಹುರಿದ ಕಡ್ಲೆಕಾಯಿ.

ಅವಳು 1,200 ರೂಪಾಯಿ ಸಾಲ ತೆಗೆದು ಎರಡು ಮೇಕೆ ಕೊಂಡಳು. ಒಂದು ಸತ್ತಿತು. ಆ ವರ್ಷ ಕಡ್ಲೆಕಾಯಿ, ಕಾಯಿ ಕಟ್ಟುವ ಹೊತ್ತಿಗೆ ಮಳೆ ಹೋಯಿತು. ಮೂರು ಕಂತು ನಿಂತವು. ಅದೇ ತಿಂಗಳು ಸಂಘಕ್ಕೆ ಬ್ಯಾಂಕಿನ ಸಾಲ ಬರುವುದಿತ್ತು. ಬ್ಯಾಂಕಿನವರು ಪುಸ್ತಕ ನೋಡಿ ಅಂಕ ಹಾಕುತ್ತಾರೆ, ಬಾಕಿ ಇದ್ದರೆ ಅಂಕ ಕಡಿಮೆ. ನಾನು ಸಭೆಯಲ್ಲಿ ಇಷ್ಟೇ ಹೇಳಿದೆ: "ಒಬ್ಬರ ಬಾಕಿಯಿಂದ ಎಲ್ಲರ ಸಾಲ ನಿಲ್ಲಬಹುದು. ನೀವೇ ಮಾತಾಡಿಕೊಳ್ಳಿ."

ನೀವೇ ಮಾತಾಡಿಕೊಳ್ಳಿ. ಎಷ್ಟು ಒಳ್ಳೆಯ ಮಾತು ಅಲ್ವಾ? ಅದನ್ನೂ ತರಬೇತಿಯಲ್ಲೇ ಕಲಿಸಿದ್ದರು.

ಮಾರನೇ ದಿನ ಐದಾರು ಜನ ಅವಳ ಮನೆಗೆ ಹೋಗಿ ಹಿತ್ತಾಳೆ ಬಿಂದಿಗೆ ತೆಗೆದುಕೊಂಡು ಬಂದರು. ತವರಿನದು. ಯಾರೋ ಅದನ್ನು ಪೇಟೆಗೆ ಒಯ್ದು ಮಾರಿದರು. ಬಾಕಿ ತೀರಿತು. ನಾನು ನಡಾವಳಿ ಪುಸ್ತಕದಲ್ಲಿ "ಸದಸ್ಯರೆಲ್ಲರೂ ಒಮ್ಮತದಿಂದ" ಅಂತ ದುಂಡಗೆ ಬರೆದೆ. ಅವಳ ಹೆಬ್ಬೆಟ್ಟೂ ಇತ್ತು ಅದರ ಕೆಳಗೆ. ಆ ತ್ರೈಮಾಸಿಕ ವರದಿಯಲ್ಲಿ ನನ್ನ ಸಂಘಗಳ ವಸೂಲಿ ನೂರಕ್ಕೆ ನೂರು. ಆಫೀಸಿನಲ್ಲಿ ಚಪ್ಪಾಳೆ ತಟ್ಟಿದರು. ನಾನೂ ಖುಷಿಪಟ್ಟೆ ಕಣೇ, ಅದನ್ನು ಮುಚ್ಚಿಡಲಾರೆ.

ಅವಳು ಜಗಳ ಆಡಲಿಲ್ಲ. ಸಂಘವನ್ನೂ ಕೂಡಲೇ ಬಿಡಲಿಲ್ಲ. ಮುಂದಿನ ಗುರುವಾರ ನಾನು ಸೈಕಲ್ ಇಳಿದಾಗ "ಬಾಗುನ್ನಾರಾ ಮೇಡಂ?" ಅಂದಳು. ಅಷ್ಟೇ. ತಿನ್ನಾವಾ ಹೋಗಿ ಬಾಗುನ್ನಾರಾ ಆಯಿತು, ಏಕವಚನ ಹೋಗಿ ಬಹುವಚನ ಬಂತು. ನನಗೆ ಗೌರವ ಜಾಸ್ತಿ ಆಯಿತು ಅಂತ ಯಾರಾದರೂ ಅಂದುಕೊಳ್ಳಬೇಕು. ಅವಳ ಮನೆಯ ಮುದ್ದೆ ಮತ್ತೆ ತಿನ್ನಲಿಲ್ಲ.

ಬಿಂದಿಗೆಗೆ ನಾನು ಕೈ ಹಾಕಲಿಲ್ಲ. ಅದೇ ಈಗ ಕೊರೆಯುವುದು. ಕೈ ಹಾಕಿದ್ದರೆ ನನಗೂ ಅವತ್ತೇ ನಿನ್ನ ಪ್ರಶ್ನೆ ಹುಟ್ಟುತ್ತಿತ್ತೋ ಏನೋ. ಅಕ್ಕಪಕ್ಕದ ಮನೆಯವರ ಕೈಯಿಂದ ಮಾಡಿಸಿದ್ದಕ್ಕೆ ಹುಟ್ಟಲೇ ಇಲ್ಲ. ಆ ಹೆಂಗಸರು ಅವಳ ಜೊತೆ ಒಂದೇ ಬೋರಿನಲ್ಲಿ ನೀರು ಹಿಡಿಯಬೇಕಿತ್ತು, ಜೀವನವಿಡೀ. ನಾನು ಸೈಕಲ್ ಹತ್ತಿ ಬಂದೆ.

2010ರಲ್ಲಿ ಪಕ್ಕದ ಆಂಧ್ರದಲ್ಲಿ ಕಿರುಸಾಲದ ಕಂಪನಿಗಳ ಕಾಟಕ್ಕೆ ಜನ ಪ್ರಾಣ ಕಳೆದುಕೊಂಡರು. ಆ ಅಕ್ಟೋಬರ್‌ನಲ್ಲಿ ಅಲ್ಲಿನ ಸರ್ಕಾರ ಅದನ್ನು ತಡೆಯಲು ಸುಗ್ರೀವಾಜ್ಞೆ ತಂದಿತು. ಪಾವಗಡದ ಸುತ್ತ ಬಹುತೇಕ ಆಂಧ್ರವೇ ಅಲ್ಲವಾ, ಸುದ್ದಿ ದಿನಾ ಬರುತ್ತಿತ್ತು. ನಾವು ಆಫೀಸಿನಲ್ಲಿ ಟೀ ಕುಡಿಯುತ್ತಾ "ಅವರು ವ್ಯಾಪಾರದವರು, ನಾವು ಸೇವೆಯವರು" ಅಂದುಕೊಂಡೆವು. ನನಗೆ ಆಗ ಬಿಂದಿಗೆ ನೆನಪಾಯಿತು. ಬಾಯಿ ಬಿಡಲಿಲ್ಲ.

ಈಗ ನಿನ್ನ ಸಂಸ್ಥೆ. ಬ್ಯಾಂಕಿನ ಪರವಾಗಿ ಸಾಲ ಕೊಡಿಸುತ್ತಾರೆ, ಅದರ ಕಮಿಷನ್ನಿನಲ್ಲೇ ಸಂಬಳ ನಡೆಯುತ್ತದೆ ಅಂತ ಬರೆದಿದ್ದೀಯ. ನಮ್ಮಂಥ ಸಂಸ್ಥೆಗಳು ಬ್ಯಾಂಕಿನ ಪರವಾಗಿ ಹಳ್ಳಿಯಲ್ಲಿ ಕೆಲಸ ಮಾಡಬಹುದು ಅಂತ ರಿಸರ್ವ್ ಬ್ಯಾಂಕು 2006ರಲ್ಲೇ ಹೇಳಿತು. ತಪ್ಪೇನಲ್ಲ. ದೇಣಿಗೆ ನಿಂತ ಮೇಲೆ ಆಫೀಸು ನಡೆಯಬೇಕಲ್ಲ. ಆದರೆ ಸಾಲ ತೆಗೆದವಳು ಕಂತು ಕಟ್ಟಿದರೆ ಮಾತ್ರ ನಿನ್ನ ಊಟ ಅಂದಾಗ, ಅವಳು ಊಟ ಮಾಡಿದಳಾ ಅಂತ ಕೇಳುವ ಬಾಯಿ ಒಣಗುತ್ತದೆ. ನನಗೆ ಸಂಬಳ ಬೇರೆ ಕಡೆಯಿಂದ ಬರುತ್ತಿತ್ತು, ಆದರೂ ಒಣಗಿತು.

ನೀನು ಹೆದರಿದ್ದು ಸರಿ. ಅದನ್ನು ಹೇಗೆ ಹೇಳಬೇಕೋ ತಿಳಿಯದೆ ಇಷ್ಟು ಸುತ್ತಿದೆ.

ಏನು ಮಾಡಬೇಕು ಅಂತ ಕೇಳಿದ್ದೀಯ. ನನ್ನ ಹತ್ತಿರ ಜಾಸ್ತಿ ಏನಿಲ್ಲ. ಕಂತಿನ ದಿನ ಬಿಟ್ಟು ಬೇರೆ ದಿನ ಹೋಗು, ಆ ಬ್ಯಾಗು, ಟ್ಯಾಬು ಮನೆಯಲ್ಲಿಟ್ಟು. ಕೆಲಸ ಇಲ್ಲದೆ ಹೋಗು. ರೇಷನ್ ಕಾರ್ಡಿನದೋ ಪಿಂಚಣಿಯದೋ ಅರ್ಜಿ ಬರೆದುಕೊಡು. ಇದು ಹಳೇ ಕಾಲದವರ ಮಾತು, ನಿನಗೆ ದಿನಕ್ಕೆ ಎಷ್ಟು ಊರು ಹಾಕಿದ್ದಾರೋ ಏನೋ, ಪುರುಸೊತ್ತು ಸಿಗದಿದ್ದರೆ ಬೇಜಾರಾಗಬೇಡ.

ಆ ಮಗುವಿನ ತಾಯಿಗೆ ಬೇರೆ ಎಷ್ಟು ಕಡೆ ಕಂತಿದೆ ಅಂತ ಕೇಳಿದ್ದೀಯಾ? ನಿಮ್ಮದೊಂದೇ ಆಗಿರಲಿಕ್ಕಿಲ್ಲ. ಒಂದರ ಕಂತಿಗೆ ಇನ್ನೊಂದರ ಸಾಲ ತೆಗೆಯುವವರು ಎಲ್ಲ ಊರಲ್ಲೂ ಇದ್ದಾರೆ. ಸಭೆಯಲ್ಲಿ ಕೇಳಬೇಡ. ಒಬ್ಬಳೇ ಇದ್ದಾಗ ಕೇಳು. ಮತ್ತೆ, ಮಳೆ ಹೋದ ವರ್ಷ ಎರಡು ಮೂರು ತಿಂಗಳು ಕಂತು ಮುಂದಕ್ಕೆ ಹಾಕಲು ಸಂಘವೇ ಠರಾವು ಮಾಡಬಹುದು, ಅವರದೇ ಉಳಿತಾಯದ ದುಡ್ಡಾದರೆ. ಬ್ಯಾಂಕಿನದಾದರೆ ಬ್ಯಾಂಕನ್ನು ಕೇಳಬೇಕು. ಕೇಳುವ ಕೆಲಸ ನಿನ್ನದು. ಇದು ನನಗೆ ಆಗಲೂ ಗೊತ್ತಿತ್ತು. ಮ್ಯಾನೇಜರ್ ಮುಂದೆ ಹೆಸರು ಕೆಡುತ್ತದೆ ಅಂತ ಕೇಳಲಿಲ್ಲ.

2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲೂ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ಬಂತು, 10 ವರ್ಷದ ತನಕ ಜೈಲು ಅಂತೆಲ್ಲ. ಅದಕ್ಕೂ ಮೊದಲು ಜನವರಿಯಲ್ಲಿ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ಪೇಪರಿನಲ್ಲಿ ಓದಿದ್ದೆ. ಆಗ ಇವೆಲ್ಲ ದೂರದ್ದು ಅನ್ನಿಸಿತ್ತು. ಈಗ ನಿನ್ನ ಕಾಗದ ನೋಡಿದರೆ ಆ ಹಿತ್ತಲ ಬಾಗಿಲು ಪಕ್ಕದ ಮನೆಯದೇ ಅನ್ನಿಸುತ್ತದೆ. ಒಂದು ಮಾತು ಮಾತ್ರ ಕೇಳು, ಬೇರೆ ಯಾವುದನ್ನು ಬಿಟ್ಟರೂ. ಯಾರ ಮನೆಗಾದರೂ ನಾಲ್ಕು ಜನ ಹೆಂಗಸರನ್ನು ಕಳಿಸುವ ಮಾತು ಸಭೆಯಲ್ಲಿ ಬಂದರೆ ಎದ್ದು ಬೇಡ ಅನ್ನು. ಜೋರಾಗಿ ಅನ್ನು. ಕೆಲಸ ಹೋದರೆ ನಮ್ಮ ಮನೆಗೆ ಬಾ, ಕೋಣೆ ಖಾಲಿ ಇದೆ. ನಿಮ್ಮಮ್ಮನಿಗೆ ನಾನು ಹೇಳಿಕೊಳ್ಳುತ್ತೇನೆ.

ಮೂಲೆಮನೆಯವಳು ಆಮೇಲೆ ಬೆಂಗಳೂರಿಗೆ ಹೋದಳು ಅಂತ ಕೇಳಿದೆ. ಬಿಂದಿಗೆ ಯಾರ ಮನೆ ಸೇರಿತೋ.

ಬಸ್ಸಿನಲ್ಲಿ ಒಂದು ಡಬ್ಬ ಹುರಿಗಡಲೆ ಚಟ್ನಿಪುಡಿ ಕಳಿಸುತ್ತಿದ್ದೇನೆ, ಬೆಳ್ಳುಳ್ಳಿ ಹಾಕಿಲ್ಲ. ಆ ಮಗುವಿನ ಹೆಸರು ನೀನು ಬರೆದಿಲ್ಲ. ತಾಯಿಯದೂ ಬರೆದಿಲ್ಲ. ಮುಂದಿನ ಕಾಗದದಲ್ಲಿ ಬರಿ. ಒಲೆ ಮೇಲಿದ್ದ ಆ ಸಾರು ಏನಾಯಿತು ಅಂತಲೂ.

ನಿನ್ನ
ದೊಡ್ಡಮ್ಮ