ಬಾಗಿಲ ಮೇಲಿನ ಕ್ಯಾಮೆರಾ

ಸಂಪಾದಕರೇ,

ಮೊನ್ನೆ ಮನೆ ಬಾಗಿಲಿಗೊಂದು ಸಿಸಿಟಿವಿ ಕ್ಯಾಮೆರಾ ತರಲು ಎಸ್.ಪಿ. ರಸ್ತೆಗೆ ಹೋಗಿದ್ದೆ. ಡಬ್ಬದ ಮೇಲೆ ನಮ್ಮ ದೇಶದ ಹೆಸರು, ಬಿಚ್ಚಿದರೆ ಒಳಗೆಲ್ಲ ಚೀನೀ ಅಕ್ಷರ. ‘ಎಲ್ಲಾ ಅಲ್ಲಿಂದಲೇ ಬರೋದು ಸಾರ್’ ಅಂತ ಅಂಗಡಿಯವರು ನಕ್ಕರು. 2020ರಲ್ಲಿ ಲಡಾಖ್‌ನ ಗಾಲ್ವಾನ್‌ನಲ್ಲಿ ಚೀನಾ ಸೈನಿಕರ ಜತೆಗಿನ ಘರ್ಷಣೆಯಲ್ಲಿ ನಮ್ಮ 20 ಯೋಧರು ಹುತಾತ್ಮರಾದ ಮೇಲೆ ಸರ್ಕಾರ 59 ಚೀನೀ ಆ್ಯಪ್ ನಿಷೇಧಿಸಿತು, ಸರಿ, ಆದರೆ ಫೋನಿಂದ ಆ್ಯಪ್ ಅಳಿಸಿದಷ್ಟು ಸುಲಭವಾಗಿ ಗೋಡೆ ಮೇಲಿನ ಕ್ಯಾಮೆರಾ ಹೋಗುತ್ತದಾ? ಅತ್ತ 2017ರಲ್ಲೇ ಶ್ರೀಲಂಕಾದ ಹಂಬನ್‌ತೋಟ ಬಂದರು 99 ವರ್ಷಕ್ಕೆ ಚೀನಾ ಕಂಪನಿಗೆ ಗುತ್ತಿಗೆ ಹೋಯಿತು, ಅದೇ ವರ್ಷ ಆಫ್ರಿಕಾದ ಜಿಬೂಟಿಯಲ್ಲಿ ಚೀನಾದ ಸೇನಾ ನೆಲೆಯೂ ಶುರುವಾಯಿತು. ನಾವು ಗಡಿ ಅಂದರೆ ಲಡಾಖ್ ಅಂದುಕೊಂಡು ಸುಮ್ನೆ ಕೂತಿದ್ದೇವೆ. ಚಿಪ್ ಡಿಸೈನ್ ಮಾಡುವ ಹುಡುಗರು ಈ ಊರಲ್ಲೇ ಇದ್ದಾರೆ ಅಲ್ವಾ? ಮೊದಲು ಸರ್ಕಾರಿ ಕಚೇರಿಗಳ ಕ್ಯಾಮೆರಾಗಳಿಂದ ಮಾಹಿತಿ ಹೊರಗೆ ಸೋರುತ್ತದಾ ಅಂತ ಅವರ ಕೈಲಿ ಪರೀಕ್ಷೆ ಮಾಡಿಸಲಿ. ನಾನಂತೂ ಅವತ್ತು ಬರಿಗೈಲಿ ಬಂದೆ.

– ಒಬ್ಬ ಓದುಗ, ಬಸವನಗುಡಿ, ಬೆಂಗಳೂರು