ಪರದೆಯ ಅಳತೆಗೆ ಹೋದವನು

ಚಿರಂಜೀವಿ ಪುಟ್ಟಿಗೆ ಅಪ್ಪನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ಗೆಳತಿಯ ಗಂಡ ವಿಪರೀತ ಕುಡಿಯುತ್ತಾನೆ, ನೀವು ಹೋಗುವ ಸಭೆ ಎಲ್ಲಿ ಸಿಗುತ್ತದೆ ಎಂದು ಭಾನುವಾರ ಫೋನಿನಲ್ಲಿ ಕೇಳಿದೆಯಲ್ಲ, ಗಿರಾಕಿ ಬಂದಿದ್ದಾರೆ ಎಂದು ಹೇಳಿ ಇಟ್ಟುಬಿಟ್ಟೆ. ಅಂಗಡಿಯಲ್ಲಿ ಯಾರೂ ಇರಲಿಲ್ಲ. ಬಾಯಿಂದ ಬಾರದ್ದು ಪೆನ್ನಿನಿಂದಾದರೂ ಬಂದೀತೇ ಎಂದು ಈಗ ಕೂತಿದ್ದೇನೆ.

ಮೊದಲು ಗೆಳತಿಗೆ ಒಂದು ಮಾತು ಹೇಳು. ದೇವರ ಮುಂದೆ ಆಣೆ ಮಾಡಿಸಿ, ನಾಳೆಯಿಂದ ತೊಟ್ಟೂ ಮುಟ್ಟಕೂಡದು ಎಂದು ಮನೆಯಲ್ಲಿ ಕೂಡಿಹಾಕುವುದು ಬೇಡ. ನಾನು ಹಾಗೆ ಬಿಡಲು ಹೋದವನು. ಎರಡನೆಯ ದಿನ ಸೂಜಿಗೆ ದಾರ ಪೋಣಿಸಲು ಆಗಲಿಲ್ಲ. ಮೂರನೆಯ ರಾತ್ರಿ ಕತ್ತರಿಸಿಟ್ಟ ಬಟ್ಟೆಯ ಮೇಲೆ ಇರುವೆಗಳು ಹರಿಯುತ್ತಿವೆ ಎಂದು ಕೊಡವುತ್ತಲೇ ಇದ್ದೆನಂತೆ. ನಿನ್ನ ಅಮ್ಮನಿಗೆ ಒಂದು ಇರುವೆಯೂ ಕಾಣಲಿಲ್ಲ. ವರ್ಷಗಟ್ಟಲೆ ದಿನವೂ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಕುತ್ತಾಗಬಹುದು, ವೈದ್ಯರ ಕಣ್ಣಳತೆಯಲ್ಲೇ ಬಿಡಬೇಕು ಎನ್ನುವುದು ಆಸ್ಪತ್ರೆ ಸೇರಿದ ಮೇಲೆ ತಿಳಿಯಿತು. ಬಿ1 ವಿಟಮಿನ್ ಚುಚ್ಚಿದರು, ನಡುಕಕ್ಕೆ ಮಾತ್ರೆ ಕೊಟ್ಟರು. ಮನೆಗೆ ಕಳಿಸುವ ದಿನ ವೈದ್ಯರು ಚೀಟಿಯ ಹಿಂಬದಿಯಲ್ಲಿ ಒಂದು ವಿಳಾಸ ಗೀಚಿ, "ನಡುಕಕ್ಕೆ ಔಷಧ ಕೊಟ್ಟಿದ್ದೇವೆ, ಸಂಜೆ ಏಳಾದರೆ ಬಾರಿನತ್ತ ಎಳೆಯುವ ಕಾಲಿಗೆ ನಮ್ಮಲ್ಲಿ ಔಷಧವಿಲ್ಲ, ಇಲ್ಲಿಗೆ ಹೋಗಿ" ಎಂದರು.

ಆ ಚೀಟಿ ಇಪ್ಪತ್ತು ದಿನ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ, ಹಿಂದೆ 90 ಎಂಎಲ್ ಟೆಟ್ರಾ ಪ್ಯಾಕ್ ಅಡಗಿಸುತ್ತಿದ್ದ ಜಾಗದಲ್ಲೇ ಬಿದ್ದಿತ್ತು. ಕೊನೆಗೆ ಒಂದು ಬುಧವಾರ ಹೊರಟೆ. ಯಾರಾದರೂ ಗುರುತಿನವರು ನೋಡಿದರೆ ಎಂದು ಕೊರಳಿಗೆ ಟೇಪು ಹಾಕಿಕೊಂಡು ಹೋಗಿದ್ದೆ! ಚರ್ಚಿನ ಹಿಂದಿನ ಒಂದು ಕೋಣೆ. ಬಾಗಿಲಲ್ಲಿದ್ದ ಮುದುಕರಿಗೆ, "ಪರದೆಗೆ ಅಳತೆ ತೆಗೆದುಕೊಳ್ಳಲು ಬಂದೆ" ಎಂದೆ. ಅವರು ನನ್ನ ಕೈಯನ್ನೊಮ್ಮೆ ನೋಡಿದರು. "ಆಗಲಿ, ಮೊದಲು ಟೀ ಕುಡಿಯಿರಿ" ಎಂದು ಅರ್ಧ ಲೋಟ ಕೊಟ್ಟರು. ಜಿಪುಣರು ಎಂದುಕೊಂಡೆ. ಹೊಸಬರ ಕೈ ನಡುಗಿ ಚೆಲ್ಲದಿರಲಿ ಎಂದು ಅರ್ಧವೇ ತುಂಬುತ್ತಾರೆ ಎನ್ನುವುದು ಆಮೇಲೆ ಗೊತ್ತಾಯಿತು.

ಈ ಸಭೆಗೆ ಆಲ್ಕೋಹಾಲಿಕ್ಸ್ ಅನಾನಿಮಸ್, ಅಂದರೆ ಹೆಸರು ಹೇಳದ ಕುಡುಕರ ಕೂಟ, ಎನ್ನುತ್ತಾರೆ, ನಾವು ಎ.ಎ. ಎನ್ನುತ್ತೇವೆ. 1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ ಒಬ್ಬ ಷೇರು ದಲ್ಲಾಳಿ, ಒಬ್ಬ ಶಸ್ತ್ರವೈದ್ಯ, ಇಬ್ಬರೂ ಕುಡುಕರೇ, ಎದುರುಬದುರು ಕೂತು ಮಾತಾಡಿದ್ದರಿಂದ ಶುರುವಾಯಿತಂತೆ. ಈಗಲೂ ನಡೆಯುವುದು ಅಷ್ಟೇ. ಚರ್ಚಿನ ಕೋಣೆ ಎಂದು ನಿನ್ನ ಅಜ್ಜಿ ಗಾಬರಿಯಾಗಿದ್ದರು, ಮತಕ್ಕೂ ಅದಕ್ಕೂ ಸಂಬಂಧವಿಲ್ಲ. ಶುಲ್ಕವಿಲ್ಲ, ಹಾಜರಿ ಪುಸ್ತಕವಿಲ್ಲ, ಪೂರ್ತಿ ಹೆಸರು ಕೇಳುವುದಿಲ್ಲ. ಬಿಡಬೇಕು ಎಂಬ ಆಸೆ ಇದ್ದರಾಯಿತು. ಕೊನೆಯಲ್ಲಿ ಒಂದು ಚೀಲ ಸುತ್ತು ಬರುತ್ತದೆ, ಇದ್ದವರು ಹತ್ತೋ ಇಪ್ಪತ್ತೋ ಹಾಕುತ್ತಾರೆ. ಹೊರಗಿನವರ ದುಡ್ಡು ಮುಟ್ಟುವುದಿಲ್ಲ.

ಅಂದು ಒಬ್ಬರು, ಬಾಟಲಿಗೆ ಹಗ್ಗ ಕಟ್ಟಿ ತಾರಸಿಯ ನೀರಿನ ಟ್ಯಾಂಕಿನೊಳಗೆ ಇಳಿಬಿಡುತ್ತಿದ್ದ ಕತೆ ಹೇಳಿದರು. ಕೋಣೆಗೆ ಕೋಣೆಯೇ ನಕ್ಕಿತು, ನಾನೂ ನಕ್ಕೆ. ನಗುತ್ತಿದ್ದಂತೆ ನಿನ್ನ ಸಮವಸ್ತ್ರಕ್ಕೆಂದು ತಂದಿದ್ದ ನೀಲಿ ಬಟ್ಟೆ ನೆನಪಾಯಿತು. ಅದರ ಮಡಿಕೆಯಲ್ಲಿ ಕ್ವಾರ್ಟರ್ ಬಾಟಲಿ ಇಟ್ಟಿದ್ದೆ, ಮುಚ್ಚಳ ಸಡಿಲವಾಗಿ ಸೋರಿತ್ತು. ಆ ವರ್ಷ ಜೂನ್ ಪೂರ್ತಿ ನೀನು ಹಳೆಯ ಲಂಗದಲ್ಲೇ ಶಾಲೆಗೆ ಹೋದೆ. ಅಂಗಡಿಯವನು ಬಟ್ಟೆ ಕಳಿಸಲಿಲ್ಲ ಎಂದು ನಿನಗೆ ಹೇಳಿದ್ದೆ. ಇದನ್ನೇ ಭಾನುವಾರ ಹೇಳಲಾಗದೆ ಹೋದದ್ದು.

ನಾಲ್ಕು ತಿಂಗಳ ಮೇಲೆ ನಂಜನಗೂಡಿನ ಮದುವೆಯಲ್ಲಿ ಒಮ್ಮೆ ಜಾರಿ ಕುಡಿದುಬಿಟ್ಟೆ. ಮುಖ ತೋರಿಸುವುದು ಹೇಗೆಂದು ಅಂಜುತ್ತಲೇ ಹೋದೆ. ಅದೇ ಮುದುಕರು ಮತ್ತೆ ಅರ್ಧ ಲೋಟವೇ ಕೊಟ್ಟರು. ಕುಡಿಯದ ದಿನಗಳ ಲೆಕ್ಕ ಮತ್ತೆ ಒಂದರಿಂದ.

ಗೆಳತಿಯ ಊರಿನಲ್ಲಿ ಎ.ಎ. ಇಲ್ಲದಿದ್ದರೆ 14446ಕ್ಕೆ ಫೋನ್ ಮಾಡಲಿ, ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ ಅದು. ಬೆಂಗಳೂರಿಗೆ ಹೋಗಬಲ್ಲರಾದರೆ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗವಿದೆ. ನಿನ್ನ ಹುಣಸೂರಿನ ಸೋದರಮಾವ ಧರ್ಮಸ್ಥಳದವರ ಮದ್ಯವರ್ಜನ ಶಿಬಿರದಲ್ಲಿ ಬಿಟ್ಟವನು. ಶಿಬಿರ ಮುಗಿದ ಮೇಲೂ ಬಿಟ್ಟವರೇ ಸೇರುವ ಊರಿನ ನವಜೀವನ ಸಮಿತಿಯ ಸಭೆಗೆ ಹೋಗುತ್ತಾನೆ. ಅಲ್ಲಿ ಭಜನೆ ಇದೆ, ನಮ್ಮಲ್ಲಿಲ್ಲ. ಯಾವುದು ಮೇಲು ಎಂದು ನಾವಿಬ್ಬರೂ ಹಬ್ಬಕ್ಕೆ ಸೇರಿದಾಗಲೆಲ್ಲ ಜಗಳವಾಡುತ್ತೇವೆ.

ಗಂಡ ಬರಲೊಲ್ಲನಾದರೂ ಗೆಳತಿ ಹೋಗಬಹುದು. ಮನೆಯವರಿಗೆಂದೇ ಅಲ್-ಅನಾನ್ ಎಂಬ ಸಭೆ ಇದೆ. ಕುಡಿತ ನನ್ನಿಂದ ಹುಟ್ಟಿದ್ದಲ್ಲ, ನನ್ನ ಹತೋಟಿಯದಲ್ಲ, ನಾನು ವಾಸಿಮಾಡುವಂಥದ್ದಲ್ಲ ಎಂದು ಅಲ್ಲಿ ಹೇಳಿಕೊಡುತ್ತಾರೆ. ನಿನ್ನ ಅಮ್ಮ ಆ ಮಾತು ಕೇಳಿ ಬಂದ ದಿನ ಮಧ್ಯಾಹ್ನವೆಲ್ಲ ಮಲಗಿದ್ದಳು. ಹಾಗೆ ಮಲಗಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಎಂಟನೆಯ ತರಗತಿಯಲ್ಲಿ, ಅಂಕ ಕಡಿಮೆ ಬಂದದ್ದಕ್ಕೆ ಅಪ್ಪ ಕುಡಿದು ಬಂದರು ಎಂದು ನೀನು ಅತ್ತಿದ್ದೆಯಂತೆ. ಅಂಕದಿಂದಲ್ಲ, ಪುಟ್ಟಿ. ನೂರು ಬಂದಿದ್ದರೂ ಕುಡಿಯುತ್ತಿದ್ದೆ, ಸಂತೋಷಕ್ಕೆ ಎಂದು ಹೇಳುತ್ತಿದ್ದೆ.

ಆ ಕೋಣೆಯ ಪರದೆಗಳನ್ನು ಕಳೆದ ತಿಂಗಳು ನಿಜವಾಗಿಯೂ ಹೊಲಿದುಕೊಟ್ಟೆ. ಮೊದಲ ದಿನವೇ ಅಳತೆ ತೆಗೆದಿದ್ದಿರಲ್ಲ ಎಂದು ಮುದುಕರು ಎಲ್ಲರೆದುರು ಕಾಲೆಳೆದರು.

ನೀನು ಈಗಲೂ ಸಂಜೆ ಏಳರೊಳಗೇ ಫೋನ್ ಮಾಡುತ್ತೀಯ. ಏಕೆಂದು ಗೊತ್ತು, ಕೇಳುವುದಿಲ್ಲ. ಇನ್ನು ಮೇಲೆ ಏಳರ ನಂತರವೂ ಮಾಡಬಹುದು. ಬುಧವಾರ ಮಾತ್ರ ಎಂಟೂವರೆ ಕಳೆಯಲಿ.

ನಿನ್ನ
ಅಪ್ಪ