ಹಲ್ಲಿನ ಡಾಕ್ಟರ ಕಿವಿಯನ್ನೂ ಯಾರಾದರೂ ನೋಡಬೇಕಲ್ವಾ?

ಸಂಪಾದಕರಿಗೆ ನಮಸ್ಕಾರ.

ಹಲ್ಲು ಕೊರೆಯುವಾಗ ಬರುವ ಆ 'ಝುಂಯ್' ಸದ್ದು ಎಲ್ಲರಿಗೂ ಗೊತ್ತು. ರೋಗಿಗೆ ಅದು ಹತ್ತು ನಿಮಿಷದ ಕಷ್ಟ. ನಾನು 22 ವರ್ಷದಿಂದ ಅದನ್ನು ದಿನವಿಡೀ ಒಂದಡಿ ದೂರದಲ್ಲಿ ಕೂತು ಕೇಳುತ್ತಿದ್ದೇನೆ.

ಹೋದ ವರ್ಷದಿಂದ ಮಗಳು ಅಡುಗೆಮನೆಯಿಂದ ಏನಾದರೂ ಹೇಳಿದರೆ ದನಿ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. 'ಸ', 'ಶ' ಇರುವ ಪದಗಳೇ ಜಾಸ್ತಿ ತಪ್ಪುತ್ತಿದ್ದವು. ರಾತ್ರಿ ಫ್ಯಾನ್ ಆಫ್ ಮಾಡಿದರೆ ಕಿವಿಯೊಳಗೆ ಸಣ್ಣ ಶಿಳ್ಳೆ. ಕೊನೆಗೆ ಕಿವಿ ಪರೀಕ್ಷೆ ಮಾಡಿಸಿದೆ. ಆಡಿಯೋಗ್ರಾಂನಲ್ಲಿ, ಅಂದರೆ ದಪ್ಪ ದನಿಯಿಂದ ಕೀರಲು ದನಿವರೆಗೆ ಕಿವಿ ಎಷ್ಟು ಕೇಳುತ್ತದೆಂದು ತೋರಿಸುವ ನಕ್ಷೆಯಲ್ಲಿ, ಗೆರೆ ನೆಟ್ಟಗೆ ಬಂದು, ಕೀರಲು ದನಿಯ 4,000 ಹರ್ಟ್ಸ್ ಹತ್ತಿರ ಹಳ್ಳಕ್ಕೆ ಬಿದ್ದ ಹಾಗೆ ಕುಸಿದು, 8,000ದಲ್ಲಿ ಮತ್ತೆ ಸ್ವಲ್ಪ ಮೇಲೆದ್ದಿತ್ತು. ಸದ್ದಿನಿಂದ ಹಾಳಾದ ಕಿವಿಯ ಗುರುತು ಇದು. ಒಳಗಿವಿಯ ಕೂದಲಿನಂಥ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ನಾವು ಹಲ್ಲು ಕೊರೆಯುವ ಏರೋಟರ್ ನಿಮಿಷಕ್ಕೆ 3 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಹೊಸದಾಗಿದ್ದು ಸರಿಯಾಗಿ ಎಣ್ಣೆ ಬಿದ್ದಿದ್ದರೆ ಸಾಮಾನ್ಯವಾಗಿ ಸದ್ದು 85 ಡೆಸಿಬಲ್ ಒಳಗೇ ಇರುತ್ತದೆ, ಅದಕ್ಕೇ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಬೇರಿಂಗ್ ಸವೆದಿರುತ್ತದೆ, ಪಕ್ಕದಲ್ಲಿ ಬಾಯಿಯ ನೀರು ಎಳೆಯುವ ಸಕ್ಷನ್ ಓಡುತ್ತಿರುತ್ತದೆ, ಇನ್ನೊಂದು ಕುರ್ಚಿಯಲ್ಲಿ ಹಲ್ಲಿನ ಪಾಚಿ ತೆಗೆಯುವ ಸ್ಕೇಲರ್, ಬಾಗಿಲ ಹಿಂದೆ ಗಾಳಿ ಒದಗಿಸುವ ಕಂಪ್ರೆಸರ್. ಕೆಲಸದ ಜಾಗದ ಸುರಕ್ಷತೆ ಬಗ್ಗೆ ಅಧ್ಯಯನ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬಲ್ ಸದ್ದಲ್ಲಿ ದಿನಕ್ಕೆ 8 ಗಂಟೆ ಇರಬಹುದು, 88 ಆದರೆ 4 ಗಂಟೆ, 91 ಆದರೆ ಬರೀ 2. ನಮ್ಮಲ್ಲಿ ಕಾರ್ಖಾನೆಗಳಿಗೆ ಸದ್ದಿನ ಮಿತಿ ಇದೆ. ಕ್ಲಿನಿಕ್ ಕಾರ್ಖಾನೆಯಲ್ಲವಲ್ಲ!

ನನಗಿಂತ ಚಿಂತೆ ಮಕ್ಕಳದ್ದು. ದಂತ ಕಾಲೇಜಿನಲ್ಲಿ ಒಂದೇ ಹಾಲ್‌ನಲ್ಲಿ ಹತ್ತಾರು ವಿದ್ಯಾರ್ಥಿಗಳು ಫ್ಯಾಂಟಮ್ ಹೆಡ್ (ಅಭ್ಯಾಸಕ್ಕಿಟ್ಟ ಗೊಂಬೆ ತಲೆ) ಮೇಲೆ ಒಟ್ಟಿಗೆ ಕೊರೆಯುತ್ತಾರೆ, ಮಾಸ್ಕ್ ಕನ್ನಡಕ ಇಲ್ಲದಿದ್ದರೆ ಮೇಡಂ ಒಳಗೇ ಬಿಡುವುದಿಲ್ಲ, ಕಿವಿಯ ಬಗ್ಗೆ ಮಾತ್ರ ನಾನು ಓದಿದ ಕಾಲೇಜಿನಲ್ಲಿ ಐದು ವರ್ಷದಲ್ಲಿ ಒಬ್ಬರೂ ಒಂದು ಮಾತು ಹೇಳಲಿಲ್ಲ. ಲ್ಯಾಬ್ ಟೆಕ್ನೀಷಿಯನ್ನರ ಪಾಡು ಇನ್ನೂ ಕಷ್ಟ, ಸಣ್ಣ ಕೋಣೆಯಲ್ಲಿ ಹಲ್ಲಿನ ಅಚ್ಚನ್ನು ಉಜ್ಜಿ ಸರಿಮಾಡುವ ಮಾಡೆಲ್ ಟ್ರಿಮ್ಮರ್ ಮುಂದೆ ಸಂಜೆವರೆಗೂ ನಿಲ್ಲುತ್ತಾರೆ.

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಮನಸ್ಸು ಮಾಡಲಿ. ಕಾಲೇಜಿಗೆ ಸೇರುವಾಗ ಒಂದು ಆಡಿಯೋಗ್ರಾಂ, ಆಮೇಲೆ ವರ್ಷಕ್ಕೊಂದು. ಮೈಸೂರಿನಲ್ಲಿ ವಾಕ್ ಮತ್ತು ಶ್ರವಣ ಸಂಸ್ಥೆಯೇ ಇದೆ, ದಾರಿ ಹೇಳಿಕೊಡುವವರಿಗೇನೂ ಕಮ್ಮಿಯಿಲ್ಲ. ಕ್ಲಿನಿಕ್ ನಡೆಸುವವರು ಕಂಪ್ರೆಸರನ್ನು ಹೊರಗಿಡಿ, ಸವೆದ ಏರೋಟರನ್ನು ಬದಲಿಸಿ. ಸಂಗೀತಗಾರರು ಹಾಕಿಕೊಳ್ಳುವಂಥ ಇಯರ್ ಪ್ಲಗ್ ಸಿಗುತ್ತದೆ. ಅದು ಎಲ್ಲ ಸದ್ದನ್ನೂ ಹೆಚ್ಚುಕಮ್ಮಿ ಒಂದೇ ಸಮ ತಗ್ಗಿಸುತ್ತದೆ, ಮಾತು ಕಲಸಿಹೋಗುವುದಿಲ್ಲ, ರೋಗಿ 'ನೋವು' ಅಂದರೆ ಕೇಳಿಸುತ್ತದೆ. ನಾನು ಆರು ತಿಂಗಳಿಂದ ಹಾಕುತ್ತಿದ್ದೇನೆ.

ನಮ್ಮ ಕ್ಲಿನಿಕ್‌ನಲ್ಲಿ ಸಕ್ಷನ್ ಹಿಡಿಯುವ ಹುಡುಗಿಗೆ ಈಗ 24. ಹೋದ ವಾರ ಅವಳಿಗೂ ಪರೀಕ್ಷೆ ಮಾಡಿಸಿದೆ. ಅವಳ ಗೆರೆ ಇನ್ನೂ ನೆಟ್ಟಗಿದೆ.

– ಒಬ್ಬ ದಂತವೈದ್ಯೆ, ಹಾಸನ